ಲ್ಯುಬ್ಲಿಯಾನಿತ್ಸಾ: ಈ ನದಿ ಶುರುವಾಗೋದು ಎಲ್ಲಿಂದ? ಗೊತ್ತಿದ್ದವರು ಹೇಳಿ

ನಕ್ಷೆಹುಳ:
ಸ್ಲೊವೇನಿಯಾದ ನಕ್ಷೆ ನೋಡ್ತಾ ಕೂತಿದ್ದೆ. ರಾಜಧಾನಿ ಲ್ಯುಬ್ಲಿಯಾನಾ ಮಧ್ಯೆ ಹರಿಯುವ ಲ್ಯುಬ್ಲಿಯಾನಿತ್ಸಾ ನದಿಯ ಮೇಲೆ ಬೆರಳಿಟ್ಟು ಹಿಂದಕ್ಕೆ ಹೋದರೆ, ವರ್ಹ್ನಿಕಾ ಅನ್ನುವ ಊರಿನಲ್ಲಿ ಗೆರೆ ನಿಂತೇ ಹೋಗುತ್ತದೆ. ಸಣ್ಣಗಾಗುತ್ತಾ ಹೋಗಿ ಹಳ್ಳವಾಗಿ ಕೊನೆಗೆ ಬೆಟ್ಟದಲ್ಲಿ ಮಾಯವಾಗುವ ಥರ ಅಲ್ಲ. ಅಗಲವಾದ ನದಿ, ಅಲ್ಲಿಗೆ ಖತಂ. ಅದರ ದಕ್ಷಿಣಕ್ಕೆ ನೋಡಿದರೆ ಅಲ್ಲೊಂದು ತುಂಡು, ಇಲ್ಲೊಂದು ತುಂಡು ನದಿ. ಯಾವುದಕ್ಕೂ ತಲೆ ಇಲ್ಲ, ಬಾಲ ಇಲ್ಲ. ಒಂದು ಕಡೆ ‘ಏಳು ಹೆಸರಿನ ನದಿ’ ಅಂತಲೂ ಓದಿದೆ. ಇದೆಲ್ಲ ಒಂದೇ ನದಿನಾ? ಹಾಗಿದ್ದರೆ ಅಲ್ಲಿನ ಜನ ಇದನ್ನು ಹೇಗೆ ಬಳಸುತ್ತಾರೆ? ಮಧ್ಯೆ ಮಧ್ಯೆ ಕಾಣೆಯಾಗುವ ನದಿಗೆ ಸೇತುವೆ, ಗಿರಣಿ, ದೋಣಿ, ಅಣೆಕಟ್ಟು ಎಲ್ಲ ಹೇಗೆ?

ಕಲ್ಲುಬಂಡೆ:
ಸುಣ್ಣಕಲ್ಲಿನ ಪ್ರದೇಶ ಅದು. ನೀರು ನೆಲದ ಒಳಗೇ ಹೋಗುತ್ತದೆ. ಇಷ್ಟೇ ಕಥೆ.

ನೀರಗಂಟಿ:
ಅಷ್ಟೇ ಅಲ್ಲ ಮಾರಾಯ, ಸ್ವಲ್ಪ ಬಿಡಿಸಿ ಹೇಳಬೇಕು.

ಮಳೆನೀರು ಗಾಳಿಯಿಂದ, ಅದಕ್ಕಿಂತ ಜಾಸ್ತಿ ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿಯುತ್ತಾ ಕಲ್ಲನ್ನು ಕರಗಿಸುತ್ತದೆ. ಲಕ್ಷಾಂತರ ವರ್ಷ ಹೀಗೇ ನಡೆದರೆ ಬಿರುಕು ಕೊಳವೆಯಾಗುತ್ತದೆ, ಕೊಳವೆ ಗುಹೆಯಾಗುತ್ತದೆ. ಆಮೇಲೆ ನದಿಗೆ ಮೇಲೆ ಹರಿಯುವ ದರ್ದೇ ಇಲ್ಲ.

ಈ ನದಿಯ ಮೇಲ್ಭಾಗದಲ್ಲಿ ಒಂದಾದ ಮೇಲೊಂದು ಬಯಲುಗಳಿವೆ. ಅವನ್ನು ‘ಪೋಲ್ಯೆ’ ಅಂತಾರೆ. ಸುತ್ತ ಬೆಟ್ಟ, ನಡುವೆ ಮಟ್ಟಸವಾದ ನೆಲ. ಒಂದು ಅಂಚಿನಲ್ಲಿ ನೀರು ಬುಗ್ಗೆಯಾಗಿ ಏಳುತ್ತದೆ, ಬಯಲಿನಲ್ಲಿ ಅಂಕುಡೊಂಕಾಗಿ ಹರಿಯುತ್ತದೆ, ಇನ್ನೊಂದು ಅಂಚಿನಲ್ಲಿ ಬಿಲಗಳಿಗೆ ಇಳಿದು ಮಾಯ. ಮುಂದಿನ ಬಯಲಿನಲ್ಲಿ ಮತ್ತೆ ಹೊರಗೆ. ಪ್ರತಿ ಸಲ ಎದ್ದಾಗಲೂ ಬೇರೆ ಹೆಸರು. ತರ್ಬುಹೊವಿತ್ಸಾ, ಓಬರ್ಹ್, ಸ್ಟರ್ಜೆನ್, ರಾಕ್, ಪಿವ್ಕಾ, ಉನಿತ್ಸಾ, ಕೊನೆಗೆ ಲ್ಯುಬ್ಲಿಯಾನಿತ್ಸಾ. ವರ್ಹ್ನಿಕಾದಿಂದ ಸಾವಾ ನದಿ ಸೇರುವವರೆಗೆ 41 ಕಿಲೋಮೀಟರ್. ಮೇಲಿನ ತುಂಡುಗಳನ್ನೂ ಸೇರಿಸಿದರೆ ಸುಮಾರು 85.

ಗುಹೆಗೂಬೆ:
@ನೀರಗಂಟಿ ಎಲ್ಲ ಸರಿ, ಆದರೆ ಆ ಏಳು ಹೆಸರನ್ನು ಸಾಲಾಗಿ ಓದಿದರೆ ಒಂದರ ಹಿಂದೆ ಒಂದು ಬರುತ್ತದೆ ಅನಿಸುತ್ತದೆ. ಪ್ರವಾಸಿ ಫಲಕಗಳೂ ಹೀಗೇ ಬರೆದು ಜನರ ತಲೆ ಕೆಡಿಸುತ್ತವೆ. ಪಿವ್ಕಾ ಆ ಸಾಲಿನದೇ ಅಲ್ಲ. ಅದು ಪಶ್ಚಿಮದ ಬೇರೆ ಕವಲು, ಪೊಸ್ಟೊಯ್ನಾ ಕಡೆಯಿಂದ ಬರುತ್ತದೆ. ರಾಕ್ ಪೂರ್ವದಿಂದ, ತ್ಸೆರ್ಕ್ನಿತ್ಸಾ ಕಡೆಯಿಂದ ಬರುತ್ತದೆ. ಇವೆರಡೂ ಸೇರೋದು ಪ್ಲಾನಿನಾ ಗುಹೆಯ ಒಳಗೆ! ಬಾಯಿಂದ ಸುಮಾರು ಅರ್ಧ ಕಿಲೋಮೀಟರ್ ಒಳಗೆ, ಕಗ್ಗತ್ತಲಲ್ಲಿ, ಎರಡು ನದಿಗಳ ಸಂಗಮ. ಹೊರಗೆ ಬರುವಾಗ ಹೆಸರು ಉನಿತ್ಸಾ.

ಹಾಗಾಗಿ ಗೆರೆ ಅಂತ ಯೋಚಿಸಬೇಡಿ. ಮರದ ಬೇರಿನ ಹಾಗೆ ಇದೆ ಅದು, ಬೇರಿನ ಅರ್ಧ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ.

ನಕ್ಷೆಹುಳ:
ಅಯ್ಯೋ ಸಂಗಮ ಗುಹೆಯೊಳಗಾ! ಸರಿ, ಆದರೆ ಇಲ್ಲಿ ಇಳಿದ ನೀರೇ ಅಲ್ಲಿ ಎದ್ದಿದೆ ಅಂತ ಹೇಗೆ ಗೊತ್ತಾಯಿತು? ಯಾರೂ ಪೂರ್ತಿ ಒಳಗೆ ಹೋಗಿ ನೋಡಿಲ್ಲ ತಾನೇ?

ಪ್ರಯೋಗಶಾಲೆ:
ಬಣ್ಣ ಹಾಕುತ್ತಾರೆ. ಹಸಿರಾಗಿ ಹೊಳೆಯುವ ಒಂದು ಬಣ್ಣವಿದೆ, ಯುರಾನಿನ್ ಅಂತ. ಬಿಲದಲ್ಲಿ ಸುರಿದು, ಸುತ್ತಲಿನ ಬುಗ್ಗೆಗಳಲ್ಲೆಲ್ಲ ದಿನಗಟ್ಟಲೆ ನೀರಿನ ಮಾದರಿ ತೆಗೆಯುತ್ತಾ ಕೂರೋದು. ಲ್ಯುಬ್ಲಿಯಾನಿತ್ಸಾ ಪ್ರದೇಶದಲ್ಲಿ 1970ರ ದಶಕದಲ್ಲಿ ಬೇರೆ ದೇಶದವರೂ ಸೇರಿ ಇಂಥ ದೊಡ್ಡ ಪ್ರಯೋಗ ಮಾಡಿದ್ದರು.

ಇದರ ಹಳೇ ಕಥೆ ಇನ್ನೂ ಮಜಾ ಇದೆ. ಜರ್ಮನಿಯಲ್ಲಿ ಡ್ಯಾನ್ಯೂಬ್ ನದಿ ಇಮೆಂಡಿಂಗೆನ್ ಹತ್ತಿರ ಬೇಸಿಗೆಯಲ್ಲಿ ಪಾತ್ರದಲ್ಲೇ ಇಂಗಿಹೋಗುತ್ತದೆ. 1877ರಲ್ಲಿ ಅಲ್ಲಿ 10 ಕಿಲೋ ಬಣ್ಣ, 20 ಟನ್ ಉಪ್ಪು, ಸಾಲದು ಅಂತ ಎಣ್ಣೆ ಬೇರೆ ಸುರಿದರು. ಸುಮಾರು 60 ಗಂಟೆ ಕಳೆದ ಮೇಲೆ, 12 ಕಿಲೋಮೀಟರ್ ದೂರದ ಆಖ್ ಬುಗ್ಗೆಯಲ್ಲಿ ಹಸಿರು ನೀರು ಎದ್ದಿತು. ಆಖ್ ಹೋಗೋದು ರೈನ್ ನದಿಗೆ. ಅಂದರೆ ಕಪ್ಪು ಸಮುದ್ರಕ್ಕೆ ಹೋಗಬೇಕಾದ ನೀರು ಉತ್ತರ ಸಮುದ್ರಕ್ಕೆ!

ಹರಟೆಮಲ್ಲ:
ಹಾಗಾದರೆ ಅದು ನೀರಿನ ಕಳ್ಳತನ ಆಯ್ತಲ್ಲ ಗುರೂ 😀 ಕೇಸ್ ಆಗಿಲ್ವಾ?

ಪ್ರಯೋಗಶಾಲೆ:
ಆಯ್ತು! ವ್ಯುರ್ಟೆಂಬರ್ಗ್ ಮತ್ತು ಬಾಡೆನ್ ರಾಜ್ಯಗಳ ನಡುವೆ. 1927ರಲ್ಲಿ ಜರ್ಮನಿಯ ಕೋರ್ಟಿನವರೆಗೂ ಹೋಯಿತು. ಡ್ಯಾನ್ಯೂಬ್ ದಂಡೆಯವರು ಬಿಲ ಮುಚ್ಚಿ ಅಂದರು, ಆಖ್ ದಂಡೆಯ ಗಿರಣಿಯವರು ಮುಟ್ಟಬೇಡಿ ಅಂದರು. ನೀರು ತಾನಾಗಿ ಹೋಗೋದನ್ನು ಸಹಿಸಿಕೊಳ್ಳಬೇಕು, ಯಾರೂ ಕೈಯಾರೆ ಅದನ್ನು ಹೆಚ್ಚೋ ಕಡಿಮೆಯೋ ಮಾಡಬಾರದು ಅನ್ನುವ ಅರ್ಥದ ತೀರ್ಪು ಬಂತು.

ಕಲ್ಲುಬಂಡೆ:
ದಾರ ಜರ್ಮನಿಗೆ ಹೋಯಿತು. ಸ್ಲೊವೇನಿಯಾಗೆ ವಾಪಸ್ ಬನ್ನಿ.

ಬೇಸಿಗೆರಜೆ:
ಬರ್ತೀನಿ, ನನ್ನದೊಂದು ದೂರು ಇದೆ. ಲ್ಯುಬ್ಲಿಯಾನಾದಲ್ಲಿ ಓದುತ್ತಿದ್ದಾಗ ಒಂದು ಪ್ರವಾಸ ಕಂಪನಿಯವರು ‘ತ್ಸೆರ್ಕ್ನಿತ್ಸಾ ಸರೋವರ, ದೇಶದ ಅತಿ ದೊಡ್ಡ ಕೆರೆ’ ಅಂತ ಚಂದದ ನೀಲಿ ಫೋಟೋ ಹಾಕಿ ಕರಕೊಂಡು ಹೋದರು. ಆಗಸ್ಟ್ ತಿಂಗಳು. ಹೋಗಿ ನೋಡಿದರೆ ಹುಲ್ಲುಗಾವಲು! ಟ್ರ್ಯಾಕ್ಟರ್ ಓಡುತ್ತಿತ್ತು. ಕೆರೆ ಎಲ್ಲಿ ಅಂದರೆ ‘ಇದೇ’ ಅಂದ ಗೈಡ್, ನಗು ಬೇರೆ. ದುಡ್ಡು ವಾಪಸ್ ಕೊಡಲಿಲ್ಲ.

ಗುಹೆಗೂಬೆ:
😂 ಗೈಡ್ ಹೇಳಿದ್ದು ಸುಳ್ಳಲ್ಲ. ಅದೇ ಕೆರೆ. ಬರುತ್ತೆ, ಹೋಗುತ್ತೆ.

ನೀರಗಂಟಿ:
@ಬೇಸಿಗೆರಜೆ ನೀವು ನೋಡಿದ್ದೇ ಅದರ ಅಸಲಿ ರೂಪ. ಜೋರು ಮಳೆ ಬಂದರೆ ಎರಡು ಮೂರು ದಿನದಲ್ಲಿ ತುಂಬುತ್ತದೆ. ಖಾಲಿಯಾಗೋಕೆ ಮೂರು ನಾಲ್ಕು ವಾರ ಬೇಕು. ತುಂಬಿದಾಗ 26 ಚದರ ಕಿಲೋಮೀಟರ್, ದೊಡ್ಡ ನೆರೆ ಬಂದರೆ ಇನ್ನೂ ಜಾಸ್ತಿ. ಕಾರಣ ಸರಳ. ಬಯಲಿಗೆ ನೀರು ಬರುವ ದಾರಿ ದೊಡ್ಡದು, ಹೋಗುವ ಬಿಲಗಳು ಚಿಕ್ಕವು. ಅವು ನುಂಗುವುದಕ್ಕಿಂತ ಜಾಸ್ತಿ ನೀರು ಬಂದರೆ ಕೆರೆ. ಕಡಿಮೆಯಾದರೆ ಹುಲ್ಲು.

ಅಲ್ಲಿನ ಜನ ಈ ಎರಡನ್ನೂ ಬಳಸಿದರು. ಒಂದೇ ಜಾಗದಲ್ಲಿ ಮೀನು ಹಿಡಿಯೋದು, ಹುಲ್ಲು ಕೊಯ್ಯೋದು, ಬೇಟೆ ಆಡೋದು, ಚಳಿಯಲ್ಲಿ ಹೆಪ್ಪುಗಟ್ಟಿದ ಮೇಲೆ ಅದರ ಮೇಲೇ ಓಡಾಡೋದು. ವಲ್ವಾಸೊರ್ ಅನ್ನುವವನು 17ನೇ ಶತಮಾನದಲ್ಲೇ ಇದನ್ನೆಲ್ಲ ವಿವರವಾಗಿ ಬರೆದ. ಈ ಕೆರೆಯ ಬಗ್ಗೆ ಬರೆದದ್ದಕ್ಕೇ 1687ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು. ಬೆಟ್ಟದೊಳಗೆ ಇನ್ನೊಂದು ಕೆರೆ ಇದೆ, ಸೈಫನ್ ಥರ ನೀರು ಬಂದು ಹೋಗುತ್ತದೆ ಅಂತ ಅವನ ಲೆಕ್ಕ. ಆ ಲೆಕ್ಕ ನಿಲ್ಲಲಿಲ್ಲ, ಆದರೆ ನೋಡಿ ಬರೆದದ್ದು ಇವತ್ತಿಗೂ ಕೆಲಸಕ್ಕೆ ಬರುತ್ತದೆ.

ಮೀನುಗಣ್ಣು:
ನೀರು ಹೋದರೆ ಮೀನಿನ ಗತಿ?

ನೀರಗಂಟಿ:
ಸ್ವಲ್ಪ ಬಿಲದೊಳಗೆ ನೀರಿನ ಜೊತೆ ಹೋಗುತ್ತವೆ. ಸ್ವಲ್ಪ ಗುಂಡಿಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಹಿಂದೆ ಅದೇ ದೊಡ್ಡ ಮೀನು ಬೇಟೆ ಸಮಯ, ಯಾವ ಗುಂಡಿ ಯಾರದ್ದು ಅಂತ ಹಕ್ಕು ಬೇರೆ. ಸುತ್ತಲಿನ ಕೋಟೆಯ ಒಡೆಯರಿಗೂ ಪಾಲು, ಬಿಸ್ತ್ರಾ ಮಠದ ಸನ್ಯಾಸಿಗಳಿಗೂ ಪಾಲು. ಈಗ ಮೀನುಗಾರರ ಸಂಘದವರು ಬಂದು, ಒಣಗುವ ಗುಂಡಿಗಳಿಂದ ಮೀನು ಎತ್ತಿ, ನೀರು ನಿಲ್ಲುವ ಕಡೆ ಬಿಡುತ್ತಾರೆ.

ಸಿಮೆಂಟಪ್ಪ:
ನಾನು ಸಿವಿಲ್ ಇಂಜಿನಿಯರ್, ಹಾಗಾಗಿ ಬೈಸಿಕೊಳ್ಳೋಕೆ ರೆಡಿಯಾಗೇ ಕೇಳ್ತೀನಿ. ಇಷ್ಟು ನೀರು ಸುಮ್ನೆ ಬಿಲಕ್ಕೆ ಹೋಗ್ತಾ ಇದೆ. ಬಿಲ ಮುಚ್ಚಿ ಕೆರೆಯನ್ನು ಕಾಯಂ ಮಾಡಬಾರದಾ? ವಿದ್ಯುತ್, ಪ್ರವಾಸ, ನೀರಾವರಿ, ಎಲ್ಲಕ್ಕೂ ಆಗುತ್ತಲ್ಲ.

ಗುಹೆಗೂಬೆ:
ಮಾಡಿ ನೋಡಿದ್ದಾರೆ ಸರ್. 1960ರ ದಶಕದ ಕೊನೆಯಲ್ಲಿ ಕೆರೆಯ ಅಂಚಿನ ಕಾರ್ಲೊವಿತ್ಸಾ ಗುಹೆಗಳ ಬಾಯಿಗೆ ಕಾಂಕ್ರೀಟ್ ಹಾಕಿದರು. ನೀರು ಸ್ವಲ್ಪ ಜಾಸ್ತಿ ದಿನ ನಿಂತಿತು, ಅಷ್ಟೇ. ಯಾಕಂದರೆ ಅಂಚಿನ ಗುಹೆ ಮುಚ್ಚಿದರೂ ಬಯಲಿನ ತಳದಲ್ಲೇ ಬೇಕಾದಷ್ಟು ಬಿಲಗಳಿವೆ. ಕಾಯಂ ಕೆರೆ ಆಗಲೇ ಇಲ್ಲ.

ಸಿಮೆಂಟಪ್ಪ:
ಅದು ಅರ್ಧ ಮನಸ್ಸಿನ ಕೆಲಸ. ಹರ್ಜೆಗೊವಿನಾದ ತ್ರೆಬಿಶ್ನಿತ್ಸಾ ನೋಡಿ. ಅದೂ ಇಂಥದೇ ನದಿ, ನೆಲಕ್ಕೆ ಇಳಿಯುವ ಯುರೋಪಿನ ನದಿಗಳಲ್ಲಿ ದೊಡ್ಡದು ಅಂತ ಹೆಸರು. ಅಲ್ಲಿ 123 ಮೀಟರ್ ಎತ್ತರದ ಗ್ರಾನ್ಚಾರೆವೊ ಅಣೆಕಟ್ಟು ಕಟ್ಟಿದರು. ಪೊಪೊವೊ ಬಯಲಿನಲ್ಲಿ ನದಿಯ ಪಾತ್ರಕ್ಕೇ 60 ಕಿಲೋಮೀಟರ್‌ಗೂ ಜಾಸ್ತಿ ಉದ್ದ ಕಾಂಕ್ರೀಟ್ ಹಾಸಿದರು. ನೀರು ಇಂಗೋದು ನಿಂತಿತು. ವಿದ್ಯುತ್ ಬರ್ತಾ ಇದೆ. ಬಯಲು ವರ್ಷ ವರ್ಷ ತಿಂಗಳುಗಟ್ಟಲೆ ಮುಳುಗೋದು ತಪ್ಪಿತು. ಆಗಲ್ಲ ಅನ್ನೋದು ತಪ್ಪು. ದುಡ್ಡು ಸುರಿದು, ಸಿಮೆಂಟ್ ಪಂಪ್ ಮಾಡಿ ಬಿರುಕು ತುಂಬಿದರೆ ಆಗುತ್ತದೆ.

ನೀರಗಂಟಿ:
ಆಗುತ್ತದೆ, ಒಪ್ಪೋಣ. ಆದರೆ ಲೆಕ್ಕದ ಇನ್ನೊಂದು ಕಡೆಯನ್ನೂ ಬರೆಯಿರಿ. ಪೊಪೊವೊದಲ್ಲಿ ನೆರೆ ಬಂದಾಗ ಬಿಲಗಳಿಂದ ಗಾವೊವಿತ್ಸಾ ಅನ್ನುವ ಸಣ್ಣ ಮೀನು ಹೊರಗೆ ಬರುತ್ತಿತ್ತು. ಬೇಸಿಗೆಯಲ್ಲಿ ಅದು ನೆಲದಡಿಯ ನೀರಿನಲ್ಲೇ ಇರುತ್ತದೆ. ಜನ ಅದನ್ನು ಹಿಡಿದು ಒಣಗಿಸಿ ಇಟ್ಟುಕೊಳ್ಳುತ್ತಿದ್ದರು. ನೆರೆ ಬಿಟ್ಟುಹೋದ ಮೆಕ್ಕಲು ಹೊಲಕ್ಕೆ ಗೊಬ್ಬರ. ಕಾಂಕ್ರೀಟ್ ಬಂದ ಮೇಲೆ ಎರಡೂ ಇಲ್ಲ. ಕೆಳಗಿನ ಬುಗ್ಗೆಗಳಿಗೆ ಬರುತ್ತಿದ್ದ ನೀರೂ ಬದಲಾಯಿತು. ಈ ನೆಲದಲ್ಲಿ ‘ಸುಮ್ನೆ ಬಿಲಕ್ಕೆ ಹೋಗುವ ನೀರು’ ಅಂತ ಇಲ್ಲವೇ ಇಲ್ಲ. ಬಿಲದ ಆ ಕಡೆ ಇನ್ಯಾರದೋ ಬಾವಿ ಇರುತ್ತದೆ.

ಸಿಮೆಂಟಪ್ಪ:
ಒಣಗಿದ ಮೀನಿಗೋಸ್ಕರ ಕರೆಂಟ್ ಬೇಡ ಅನ್ನೋಕಾಗುತ್ತಾ?

ನೀರಗಂಟಿ:
ಬೇಡ ಅಂತ ಯಾರು ಹೇಳಿದರು? ಬೆಲೆ ಹೇಳಿದೆ.

ಇತಿಹಾಸದ ಹುಚ್ಚು:
ಬಿಲ ಮುಚ್ಚೋದರ ಬಗ್ಗೆ ಜಗಳ ಆಡ್ತಿದ್ದೀರಿ, ಬಿಲ ದೊಡ್ಡದು ಮಾಡಿದವನ ಕಥೆ ಕೇಳಿ. ತ್ಸೆರ್ಕ್ನಿತ್ಸಾ ಆದಮೇಲೆ ಬರುವ ಪ್ಲಾನಿನಾ ಬಯಲಿನಲ್ಲಿ ಸಮಸ್ಯೆ ಉಲ್ಟಾ. ಅಲ್ಲಿ ಉನಿತ್ಸಾ ನದಿ ಉಕ್ಕಿ ಹುಲ್ಲುಗಾವಲು ಮುಳುಗುತ್ತಿತ್ತು. 19ನೇ ಶತಮಾನದ ಕೊನೆಯಲ್ಲಿ ವಿಲ್ಯೆಮ್ ಪುಟಿಕ್ ಅನ್ನುವ ಅರಣ್ಯ ಇಂಜಿನಿಯರ್ ಬಂದ. ನೀರು ಇಳಿಯುವ ಬಿಲಗಳನ್ನು ಕೆತ್ತಿ ಅಗಲ ಮಾಡಿಸಿದ. ಮರದ ದಿಮ್ಮಿ, ಕಸಕಡ್ಡಿ ಹೋಗಿ ಕಟ್ಟಿಕೊಳ್ಳದ ಹಾಗೆ ಸುತ್ತ ಕಲ್ಲಿನ ಗೋಡೆ ಕಟ್ಟಿ ಕಂಬಿ ಹಾಕಿಸಿದ. ನೋಡೋಕೆ ಬಾವಿ ಥರಾನೇ ಇವೆ, ಈಗಲೂ ಇವೆ. ನನಗಂತೂ ಲ್ಯುಬ್ಲಿಯಾನಾದ ಸೇತುವೆಗಳಿಗಿಂತ ಈ ಕಲ್ಲುಗೋಡೆಗಳ ಮೇಲೇ ಮೋಹ ಜಾಸ್ತಿ. ಮೊದಲು ಗುಹೆಗಳ ಒಳಗೆ ಇಳಿದು ನೀರು ಹೇಗೆ ಹೋಗುತ್ತೆ ಅಂತ ನೋಡಿ, ಆಮೇಲೆ ಕಟ್ಟಿದವನು ಅವನು.

ಸಿಮೆಂಟಪ್ಪ:
ನೋಡಿ, ಇಂಜಿನಿಯರ್ ಕೆಲಸಕ್ಕೆ ಬಂದ 🙂 ನೆರೆ ನಿಂತಿತಾ?

ಇತಿಹಾಸದ ಹುಚ್ಚು:
ಸಣ್ಣ ನೆರೆಗಳಿಗೆ ಲಾಭ ಆಯ್ತು. ದೊಡ್ಡವು ಇನ್ನೂ ಬರುತ್ತವೆ. 2014ರ ಫೆಬ್ರವರಿಯಲ್ಲಿ ಆ ಭಾಗದಲ್ಲಿ ಮಂಜುಗಡ್ಡೆಯ ಮಳೆ ಬಿದ್ದು ಕಾಡಿನ ಮರಗಳೆಲ್ಲ ಮುರಿದವು, ಕರೆಂಟ್ ಹೋಯಿತು. ಅದರ ಬೆನ್ನಿಗೇ ಪ್ಲಾನಿನಾ ಬಯಲು ತುಂಬಿ ಮನೆಗಳ ಒಳಗೆ ನೀರು. ಇಂಥ ಕಡೆ ನೆರೆ ಬೇರೆ ನದಿಗಳ ಹಾಗೆ ಬಂದು ಓಡಿಹೋಗಲ್ಲ, ಬಂದು ಕೂರುತ್ತದೆ.

ಬೇಸಿಗೆರಜೆ:
ಆ ವರ್ಷ ಅಲ್ಲೇ ಇದ್ದೆ. ರಸ್ತೆ ನೀರಿನೊಳಗೆ ಇಳಿದು ಹೋಗಿತ್ತು, ರಸ್ತೆ ಫಲಕದ ತಲೆ ಮಾತ್ರ ಕಾಣುತ್ತಿತ್ತು. ನೀರು ಮಾತ್ರ ಕನ್ನಡಿ ಥರ ತಿಳಿ! ನನಗೆ ಗೊತ್ತಿದ್ದ ನೆರೆ ಅಂದರೆ ಕೆಂಪು ನೀರು. ಇದು ಕೆಳಗಿನ ಹುಲ್ಲು ಕಾಣುವಷ್ಟು ತಿಳಿ ಇತ್ತು.

ಮೀನುಗಣ್ಣು:
ತಿಳಿ ಇದ್ದರೆ ಕುಡಿಯಬಹುದಲ್ವಾ? ಕಲ್ಲಿನಲ್ಲಿ ಸೋಸಿ ಬರುತ್ತೆ ತಾನೇ.

ಪ್ರಯೋಗಶಾಲೆ:
ಖಂಡಿತಾ ಬೇಡ! ಇದೇ ಎಲ್ಲರೂ ಅಂದುಕೊಳ್ಳೋದು. ಮರಳಿನಲ್ಲಿ ನೀರು ನಿಧಾನಕ್ಕೆ ಸೋಸಿಕೊಂಡು ಹೋಗುತ್ತದೆ. ಸುಣ್ಣಕಲ್ಲಿನ ಗುಹೆಯಲ್ಲಿ ಸೋಸೋದೇನೂ ಇಲ್ಲ, ಅದು ಪೈಪು. ಮೇಲೆ ಸುರಿದದ್ದು ಕೆಲವೇ ದಿನದಲ್ಲಿ ಬುಗ್ಗೆಯಲ್ಲಿ ಹಾಜರ್.

ಎರಡು ಉದಾಹರಣೆ ಕೊಡ್ತೀನಿ, ಎರಡೂ ಲ್ಯುಬ್ಲಿಯಾನಿತ್ಸಾದ್ದಲ್ಲ, ಆದರೆ ಸ್ಲೊವೇನಿಯಾದ್ದೇ. ಕ್ರುಪಾ ಅಂತ ಆಗ್ನೇಯದಲ್ಲಿ ಒಂದು ಚಂದದ ಬುಗ್ಗೆ ನದಿ. ಕೆಪಾಸಿಟರ್ ಮಾಡುವ ಕಾರ್ಖಾನೆಯ ತ್ಯಾಜ್ಯವನ್ನು ಮೇಲಿನ ಗುಂಡಿಗಳಲ್ಲಿ ಸುರಿದಿದ್ದರು. ಅದರಲ್ಲಿದ್ದ ಪಿಸಿಬಿ ವಿಷ ನದಿಗೆ ಬಂದಿರೋದು 1983ರಲ್ಲಿ ಬಯಲಾಯಿತು. ಸುರಿಯೋದು ನಿಂತ ಮೇಲೂ ವಿಷ ಹೋಗಲಿಲ್ಲ, ಬಿರುಕುಗಳಲ್ಲಿ ಕೂತಿದ್ದದ್ದು ಇಷ್ಟಿಷ್ಟೇ ಬರ್ತಾನೇ ಇತ್ತು. ಇನ್ನೊಂದು 2019ರದ್ದು. ಹ್ರಾಸ್ತೊವ್ಲಿಯೆ ಹತ್ತಿರ ಗೂಡ್ಸ್ ರೈಲು ಹಳಿ ತಪ್ಪಿ ಸುಮಾರು 10,000 ಲೀಟರ್ ವಿಮಾನದ ಇಂಧನ ಸುಣ್ಣಕಲ್ಲಿನ ನೆಲಕ್ಕೆ ಇಳಿಯಿತು. ಆ ನೆಲದ ನೀರು ಹೋಗೋದು ರಿಜಾನಾ ಬುಗ್ಗೆಗೆ. ಕರಾವಳಿ ಊರುಗಳು ಕುಡಿಯೋದು ಅದನ್ನೇ.

ಗುಹೆಗೂಬೆ:
ಲ್ಯುಬ್ಲಿಯಾನಿತ್ಸಾ ಕಡೆಯೂ ಕುಡಿಯುವ ನೀರಿನ ಬುಗ್ಗೆ ಇದೆ. ಪ್ಲಾನಿನಾ ಹತ್ತಿರ ಮಾಲೆನ್‌ಶ್ಚಿತ್ಸಾ. ಪೊಸ್ಟೊಯ್ನಾ, ಪಿವ್ಕಾ ಕಡೆಯವರ ನಲ್ಲಿಗೆ ಹೋಗೋದು ಅದೇ. ಆ ಬುಗ್ಗೆಗೆ ನೀರು ಬರೋದು ತ್ಸೆರ್ಕ್ನಿತ್ಸಾ, ರಾಕ್, ಪಿವ್ಕಾ ಹೀಗೆ ಎಲ್ಲ ಕಡೆಯಿಂದ. ಮಳೆ ಜಾಸ್ತಿ ಕಡಿಮೆ ಆದ ಹಾಗೆ ಯಾವ ಕಡೆಯ ಪಾಲು ಎಷ್ಟು ಅನ್ನೋದೂ ಬದಲಾಗುತ್ತದೆ. ಅಂದರೆ ಕಾಯಬೇಕಾದ್ದು ಬುಗ್ಗೆಯ ಸುತ್ತಲಿನ ನಾಲ್ಕು ಎಕರೆಯನ್ನಲ್ಲ, ಮೂರು ಬಯಲುಗಳನ್ನು. ಅಣೆಕಟ್ಟಿಗಿಂತ ಇದು ಕಷ್ಟದ ಕೆಲಸ. ಸಿಮೆಂಟಪ್ಪ ಸರ್ ಇದಕ್ಕೂ ಏನಾದ್ರೂ ಹೇಳಲಿ.

ಸಿಮೆಂಟಪ್ಪ:
ಚರಂಡಿ ನೀರು ಶುದ್ಧ ಮಾಡುವ ಘಟಕ ಕಟ್ಟಿ. ಅದಕ್ಕೂ ಸಿಮೆಂಟ್ ಬೇಕು.

ಹರಟೆಮಲ್ಲ:
ಹೊಡೆದರು ನೋಡಿ ಸಿಕ್ಸರ್ 😂

ಮೀನುಗಣ್ಣು:
ಆ ಗುಲಾಬಿ ಬಣ್ಣದ ಕಣ್ಣಿಲ್ಲದ ಪ್ರಾಣಿ ಇದೇ ನದಿಯದ್ದಾ? ಡ್ರ್ಯಾಗನ್ ಮರಿ ಅಂತಾರಲ್ಲ.

ಗುಹೆಗೂಬೆ:
ಹೌದು, ಪ್ರೋಟಿಯಸ್. ಪೊಸ್ಟೊಯ್ನಾ, ಪ್ಲಾನಿನಾ ಗುಹೆಗಳಲ್ಲೂ ಇದೆ, ವರ್ಹ್ನಿಕಾ ಕಡೆಯೂ ನೆರೆಯಲ್ಲಿ ಹೊರಗೆ ತೇಲಿ ಬರುತ್ತದೆ. ಅದನ್ನು ನೋಡಿಯೇ ಹಿಂದಿನವರು ನೆಲದೊಳಗೆ ದೊಡ್ಡ ಡ್ರ್ಯಾಗನ್ ಇದೆ, ಇದು ಅದರ ಮರಿ ಅಂದುಕೊಂಡಿದ್ದು. ವಲ್ವಾಸೊರ್ ಅದನ್ನೂ ಬರೆದಿಟ್ಟಿದ್ದಾನೆ. ವರ್ಷಗಟ್ಟಲೆ ಊಟ ಇಲ್ಲದೆ ಇರಬಲ್ಲದು, 100 ವರ್ಷದ ಹತ್ತಿರ ಬದುಕಬಹುದು ಅಂತಾರೆ. 2016ರಲ್ಲಿ ಪೊಸ್ಟೊಯ್ನಾ ಗುಹೆಯಲ್ಲಿ ಮೊಟ್ಟೆ ಒಡೆದು ಮರಿ ಬಂದಾಗ ದೊಡ್ಡ ಸುದ್ದಿ ಆಗಿತ್ತು. ಇಷ್ಟು ನಿಧಾನದ ಪ್ರಾಣಿ, ಮೇಲಿನವರು ಸುರಿದ ವಿಷವನ್ನೂ ಅಷ್ಟೇ ವರ್ಷ ಮೈಯಲ್ಲಿ ಇಟ್ಟುಕೊಳ್ಳುತ್ತದೆ.

ನಕ್ಷೆಹುಳ:
ಮೇಲಿನ ಭಾಗ ಅರ್ಥ ಆಯ್ತು. ವರ್ಹ್ನಿಕಾದಿಂದ ಕೆಳಗೆ? ಅಲ್ಲಿಂದ ಸಾಧಾರಣ ನದಿನಾ?

ಇತಿಹಾಸದ ಹುಚ್ಚು:
ಸಾಧಾರಣ ಅನ್ನಬೇಡಿ! ಅಸಲಿ ಬಳಕೆಯ ಕಥೆ ಶುರುವಾಗೋದೇ ಅಲ್ಲಿ.

ವರ್ಹ್ನಿಕಾದ ಮೊಚಿಲ್ನಿಕ್, ರೆತೊವ್ಯೆ ಬುಗ್ಗೆಗಳು, ಸುತ್ತಲಿನ ಬಿಸ್ತ್ರಾ ವಗೈರೆ ಎಲ್ಲ ಸೇರಿ ಸರಾಸರಿ ಸೆಕೆಂಡಿಗೆ ಸುಮಾರು 39 ಘನಮೀಟರ್ ನೀರು ಬೆಟ್ಟದ ಬುಡದಿಂದ ಹೊರಗೆ ಬರುತ್ತದೆ. ಹಾಗಾಗಿ ನದಿ ಹುಟ್ಟಿದ ಜಾಗದಲ್ಲೇ ದೋಣಿ ಓಡಿಸಬಹುದು! ಅಲ್ಲಿಂದ ಮುಂದೆ ಲ್ಯುಬ್ಲಿಯಾನಾವರೆಗೆ ಜೌಗು ನೆಲ, ಇಳಿಜಾರು ಇಲ್ಲವೇ ಇಲ್ಲ ಅನ್ನಬಹುದು, ನೀರು ತೆವಳುತ್ತದೆ. ದೋಣಿಗೆ ಇದಕ್ಕಿಂತ ಏನು ಬೇಕು? ರೋಮನ್ನರ ಕಾಲದಲ್ಲಿ ಇಟಲಿಯ ಅಕ್ವಿಲೇಯಾ ಪಟ್ಟಣದಿಂದ ಗಾಡಿಯಲ್ಲಿ ಬಂದ ಸರಕನ್ನು ಇಲ್ಲೇ, ಆಗಿನ ನೌಪೋರ್ಟುಸ್‌ನಲ್ಲಿ, ದೋಣಿಗೆ ಹಾಕುತ್ತಿದ್ದರು. ಅದು ಸಾವಾ, ಅಲ್ಲಿಂದ ಡ್ಯಾನ್ಯೂಬ್ ಕಡೆಗೆ. ಪೊಡ್‌ಪೆಚ್ ಗಣಿಯ ಕಲ್ಲು ಕೂಡ ಈ ನದಿ ಮೇಲೇ ಬಂದು, ಈಗಿನ ಲ್ಯುಬ್ಲಿಯಾನಾ ಇರುವ ಜಾಗದಲ್ಲಿ ರೋಮನ್ನರ ಎಮೋನಾ ಪಟ್ಟಣ ಎದ್ದಿತು.

ನದಿಯ ತಳದಲ್ಲಿ ಸಿಕ್ಕಿರುವ ವಸ್ತುಗಳಂತೂ ಸಾವಿರಗಟ್ಟಲೆ. ಕತ್ತಿ, ಕೊಡಲಿ, ಪಾತ್ರೆ, ನಾಣ್ಯ. 2008ರಲ್ಲಿ ಸುಮಾರು 40,000 ವರ್ಷ ಹಳೆಯ ಮರದ ಈಟಿಮೊನೆ ಸಿಕ್ಕಿತು. ಪಕ್ಕದ ಜೌಗಿನಲ್ಲಿ 2002ರಲ್ಲಿ ಅಚ್ಚಿನ ಸಮೇತ ಮರದ ಚಕ್ರ, ಸುಮಾರು 5,200 ವರ್ಷ ಹಳೆಯದು. ಮುಳುಗುಗಾರರು ಸಿಕ್ಕಿದ್ದನ್ನೆಲ್ಲ ಮನೆಗೆ ಒಯ್ಯುತ್ತಿದ್ದರು, ಆಮೇಲೆ ಸರ್ಕಾರ ನದಿಯನ್ನೇ ಸಂರಕ್ಷಿತ ಸ್ಮಾರಕ ಅಂತ ಮಾಡಿತು.

ಕಲ್ಲುಬಂಡೆ:
ದೋಣಿ ಈಗ ಯಾಕಿಲ್ಲ?

ಇತಿಹಾಸದ ಹುಚ್ಚು:
ರೈಲು. 1849ರಲ್ಲಿ ಲ್ಯುಬ್ಲಿಯಾನಾಕ್ಕೆ ಬಂತು, 1857ರಲ್ಲಿ ಟ್ರಿಯೆಸ್ಟ್‌ವರೆಗೆ ಹೋಯಿತು. ಸರಕಿನ ದೋಣಿಯವರ ಕಥೆ ಅಲ್ಲಿಗೆ ಮುಗಿಯಿತು. ಈಗಿರೋದು ಪ್ರವಾಸಿ ದೋಣಿ, ದಂಡೆ ಮೇಲೆ ಕಾಫಿ. ಆ ಚಂದದ ದಂಡೆ, ಮೂರು ಸೇತುವೆಗಳ ಜೋಡಣೆ ಎಲ್ಲ ವಾಸ್ತುಶಿಲ್ಪಿ ಪ್ಲೆಚ್ನಿಕ್ ಕೈವಾಡ, 1930ರ ಆಸುಪಾಸಿನದು.

ಸಿಮೆಂಟಪ್ಪ:
ಗ್ರೂಬರ್ ಕಾಲುವೆ ಬಿಟ್ಟೇಬಿಟ್ಟಿರಲ್ಲ. ಜೌಗು ನೆಲದ ನೆರೆ ತಪ್ಪಿಸೋಕೆ 1772ರಿಂದ 1780ರವರೆಗೆ ಕೋಟೆ ಬೆಟ್ಟದ ಹಿಂದೆ ತೋಡಿದ್ದು. ಊರಿಗೆ ಬರುವ ನೀರಿನ ಒಂದು ಪಾಲನ್ನು ಸುತ್ತಿಸಿ ಕಳಿಸುತ್ತದೆ. ಇವತ್ತಿಗೂ ಕೆಲಸ ಮಾಡ್ತಿದೆ. ಇದಕ್ಕೇನು ಅಂತೀರಿ?

ನೀರಗಂಟಿ:
ಒಳ್ಳೇ ಕಾಲುವೆ. ಆದರೆ ನೆಲ ಒಣಗಿದ್ದೇ ಜನ ಜೌಗಿನ ಪೀಟ್ ಮಣ್ಣು (ಗಿಡಗಳು ಕೊಳೆತು ಆದ, ಉರಿಯುವ ಮಣ್ಣು) ಕಡಿದು ಒಲೆಗೆ ಹಾಕಿದರು, ಗದ್ದೆ ಮಾಡೋಕೆ ಸುಟ್ಟರು. ನೆಲ ತಗ್ಗಿತು. ತಗ್ಗಿದ ನೆಲಕ್ಕೆ ಮತ್ತೆ ನೆರೆ. ತಪ್ಪು ಕಾಲುವೆಯದ್ದಲ್ಲ ಅಂತೀರಿ, ಒಪ್ಪೋಣ.

ಸಿಮೆಂಟಪ್ಪ:
ಒಪ್ಪಿದ್ದೇ ದೊಡ್ಡದು.

ಬೇಸಿಗೆರಜೆ:
ಹೋಗೋರಿಗೆ ಒಂದು ಮಾತು. ಕೆರೆಯಲ್ಲಿ ನೀರು ನೋಡಬೇಕಿದ್ದರೆ ಮಳೆ ಬರುವ ಶರತ್ಕಾಲ, ಇಲ್ಲಾ ವಸಂತದಲ್ಲಿ ಹೋಗಿ. ರಾಕ್ ನದಿಯ ಕಲ್ಲಿನ ಸೇತುವೆಗಳ ಕೆಳಗೆ ನಡೆಯಬೇಕಿದ್ದರೆ ಬೇಸಿಗೆ. ಎರಡೂ ಒಂದೇ ಸಲ ಸಿಗುತ್ತೆ ಅಂತ ಯಾರಾದರೂ ಪ್ಯಾಕೇಜ್ ಮಾರಿದರೆ ದುಡ್ಡು ಕೊಡಬೇಡಿ.

ನಕ್ಷೆಹುಳ:
ಅಕ್ಟೋಬರ್‌ಗೆ ಟಿಕೆಟ್ ನೋಡ್ತಾ ಇದ್ದೀನಿ. ಪ್ಲಾನಿನಾ ಗುಹೆಯ ಸಂಗಮದವರೆಗೆ ಆಗ ಬಿಡ್ತಾರಾ?

ಗುಹೆಗೂಬೆ:
ನೀರಿನ ಮಟ್ಟದ ಮೇಲೆ ಹೋಗುತ್ತೆ. ಜೋರು ಮಳೆ ಆಗಿದ್ದರೆ ಇಲ್ಲ. ಮಾರ್ಗದರ್ಶಿ ಇಲ್ಲದೆ ಒಳಗೆ ಹೋಗಲೇಬೇಡಿ, ಟಾರ್ಚ್ ಎರಡು ಇಟ್ಟುಕೊಳ್ಳಿ.